ಹೆಗಲ ಹಿಂದ

ಪುಣೆಯಿಂದ ಬಂದಿದ್ದ ತನ್ಮಯ. ಕೆಂಪು ಟೊಪಗಿ,
ಮೂರು ಚೀಲ ಕ್ಯಾಮೆರಾ, ಒಂದು ನಗಿ.
ಎಲ್ಲಾದಕ್ಕಿಂತ ತುಟ್ಟಿ ಸಾಮಾನು ಆ ನಗಿನೇ ಅಂತ
ಆಮ್ಯಾಲ ತಿಳೀತು.
ಮದುವಿ ವಿಡಿಯೋ ತೆಗೆಯಾಂವ ನಾನು.
ಅಧಿಕ ಮಾಸ, ಕೈಯಾಗ ಒಂದೂ ಮದುವಿ ಇಲ್ಲ.
ಮೈಕಿನ ಉದ್ದನ್ನ ಕೋಲು ಹಿಡಿಯೋದು,
ಅವನ ಹಿಂದಿ ಕನ್ನಡ ಮಾಡೋದು,
ದಿನಕ್ಕ ಒಂದೂವರೆ ಸಾವಿರ.

ಕಪನೂರಿನ ದಾಲ್ ಮಿಲ್ಲಿಗೆ ಹೋದೇವು.
ಹಿಂದೊಮ್ಮೆ ಟೀವಿಯವರು ಬಂದಾಗ
ಗೇಟಿನಿಂದಲೇ ಹೊರಗ ಹಾಕಿದ್ದ ಸೇಠ,
ಇವ ತೂಕದ ಕಾಟಾದ ಮ್ಯಾಲ ಚಕ್ಕಳಮಕ್ಕಳ ಕೂತು
"ನನಗ ಇವತ್ತಿನ ಭಾವ ಎಷ್ಟು ಹೇಳ್ರಿ" ಅಂದದ್ದಕ್ಕ
ನಕ್ಕೇಬಿಟ್ಟ. ಚಹಾ ತರಿಸಿದ.
ಇದೊಂದು ನಾ ಒಪ್ಪಿಕೊಳ್ಳಬೇಕು:
ಆ ನಗಿ ಇರದಿದ್ರ ಆ ಬಾಗಿಲು ತೆರೀತಿರಲಿಲ್ಲ.

ಒಳಗ ಧೂಳು, ಕಿಡಕಿಯ ಬಿಸಲಿನಾಗ
ಕಂಬದಂಗ ನಿಂತಿತ್ತು.
ಹದಿನಾರು ಮಂದಿ ಹೆಣಮಕ್ಕಳು, ಮೂಗಿಗೆ ಸೆರಗು,
ಮೊರದಾಗ ತೊಗರಿಬ್ಯಾಳಿ,
ಬೆರಳು ಮಾತ್ರ ಓಡತಾವ,
ಹುಳುಕು ಆ ಕಡಿ, ಹರಳು ಈ ಕಡಿ.
ಅಂವ ನಡುವ ಹೋಗಿ ಕೂತ. ಮೊರ ಹಿಡದ.
ಕೇರಲಿಕ್ಕೆ ಹೋಗಿ ತಲಿಮ್ಯಾಲೇ ಸುರಕೊಂಡು
ಹಿಂದಕ್ಕ ವಾಲಿ
ಹೊಟ್ಟಿನ ಗುಡ್ಡಿಯೊಳಗ ಬಿದ್ದ, ಎರಡೂ ಕಾಲು ಮ್ಯಾಲ.
ಖಾಜಾಬಿ ಸೆರಗು ಬಿಟ್ಟು ನಕ್ಕಳು.
ಮುಂದಿನ ಒಂದು ಹಲ್ಲಿಲ್ಲ ಅನ್ನೋದು
ಮಿಲ್ಲಿಗೆಲ್ಲಾ ಅವತ್ತೇ ಗೊತ್ತಾತು.

ನಗಿ ಇಳಿದ ಮ್ಯಾಲ ಜಗದೇವಿ,
ಬೆರಳು ನಿಲ್ಲಸದ, ಕೇಳಿದಳು:
"ಇದೇ ಬ್ಯಾಳಿ ನಿಮ್ಮೂರಾಗ ಕಿಲೋ ಎಷ್ಟಪಾ?"
ನಾ ಹಿಂದಿ ಮಾಡಿ ಹೇಳಿದೆ.
ಅಂವ ಟೊಪಗಿ ತೆಗೆದ. ಹೊಟ್ಟು ಜಾಡಿಸಿದ.
"ಫೋನಿನಾಗ ತರಸ್ತೀನಿ... ನೋಡಿಲ್ಲ."
ಆಮ್ಯಾಲ ಹತ್ತು ಸೆಕೆಂಡು
ಬರೇ ಮಷೀನು ಮಾತಾಡ್ತು.
ಅವನ ಕಿವಿತುದಿ ಕೆಂಪಾಗಿತ್ತು.
ಹೇಳಲಿಕ್ಕೆ ಏನೂ ಸಿಗಲಾರದ ಆ ಮಾರಿ
ಚೊಲೊ ಮಾರಿ ಇತ್ತು, ಖರೇ ಹೇಳ್ತೀನಿ.

ದಸರಾದ ಹೊತ್ತಿಗೆ ಸಿನಿಮಾ ಬಂತು, ನಲವತ್ತು ನಿಮಿಷ.
ಮೂರು ಸಲ ನೋಡಿದೆ, ಒಮ್ಮೆನೂ ಬ್ಯಾಸರಾಗಲಿಲ್ಲ.
ಕೋಟ್ಯಾಗಿನ ತೋಪಿಗೆ ಸಲಾಂ ಹೊಡದ.
ಖಡಕ್ ರೊಟ್ಟಿ ಮುರಿಯಲಿಕ್ಕೆ ಮೊಣಕಾಲು ಹಚ್ಚಿದ.
ನಲವತ್ಮೂರು ಡಿಗ್ರಿ ಬಿಸಲಿಗೆ
ರಸ್ತಾದ ನಡುವ ಕೈಮುಗಿದು ಅಡ್ಡ ಬಿದ್ದ.
ಎಲ್ಲಾ ಕಡಿ ಅಂವನೇ.
ಕಲಬುರಗಿ ಅವನ ಹೆಗಲ ಹಿಂದ
ಸ್ಟುಡಿಯೋದ ಪರದೆಯಂಗ ಅಲುಗಾಡ್ತಿತ್ತು.
ಬಿದ್ದದ್ದು ಇತ್ತು. ಎರಡು ಸಲ, ಒಮ್ಮೆ ಸಾವಕಾಶ.
ಜಗದೇವಿ ಮಾತು ಇರಲಿಲ್ಲ. ಆ ಹತ್ತು ಸೆಕೆಂಡೂ ಇರಲಿಲ್ಲ.

ಬಯ್ಯಲಿಕ್ಕೆ ಬಾಯಿ ತೆರೆದೆ, ಮುಚ್ಚಿದೆ.
ನಾ ಏನು ಕಡಿಮಿ?
ಬೀಗರು ಬಂಗಾರಕ್ಕ ಜಗಳಾಡಿದ್ದು ಕತ್ತರಸ್ತೀನಿ.
ಮದುಮಗಳು ಯಾಕ ಅತ್ತಳೋ ಯಾರಿಗೆ ಗೊತ್ತು,
ತವರು ಬಿಡೋ ದುಃಖ ಅಂತ ಸನಾದಿ ಹಚ್ಚತೀನಿ.
ಮಂದಿ ಕಡೀತನಕ ಕೂತು ನೋಡಬೇಕಲ್ಲ.

ಮಿಲ್ಲಿಗೆ ಹೋಗಿ, ಊಟದ ಹೊತ್ತಿನಾಗ
ನೀರಿನ ಕೊಡಕ್ಕ ಫೋನು ಆನಿಸಿ ತೋರಿಸಿದೆ.
"ಬಿದ್ದದ್ದು ಮತ್ತ ಹಾಕೋ ತಮ್ಮಾ." ನಾಕು ಸಲ ಹಾಕಿದೆ.
ಖಾಜಾಬಿ ತನ್ನ ಹಲ್ಲಿನ ಸಂದಿ ನೋಡಿ
ತಾನೇ ಎಲ್ಲಾರಕಿಂತ ಜೋರು ನಕ್ಕಳು.
ಯಾರೂ ಏನೂ ಕೊರಗಲಿಲ್ಲ.
ನಾ ಅವರ ಸಲುವಾಗಿ ಕಟ್ಟಿಕೊಂಡು ಹೋಗಿದ್ದ ಸಿಟ್ಟು
ಬಿಚ್ಚದ ಬುತ್ತಿಯಂಗ ನನ್ನ ತೊಡಿಮ್ಯಾಲೇ ಉಳೀತು.

ಜಗದೇವಿ ಮಾತ್ರ, ತಾಟಿನ ಪುಂಡಿಪಲ್ಯ
ರೊಟ್ಟಿ ಚೂರಿನಿಂದ ಬಳಿಯುತ್ತ, "ನಾ ಕೇಳಿದ್ದು?" ಅಂದಳು.
"ಕಟ್ ಆಗ್ಯಾದ ಅಕ್ಕಾ."
"ಅದಲ್ಲೋ.
ಕಿಲೋ ಎಷ್ಟಂತ?"

ಫೋನಿನಾಗ ಅಂವ
ಐದನೇ ಸಲ ಬೀಳ್ತಿದ್ದ.