ಸಾಸಿವೆಯಷ್ಟು ಹಳದಿ

ಆ ಚಳಿಗಾಲ ತಿಬಿಲಿಸಿಯಲ್ಲಿ ಕರೆಂಟು ಬರುತ್ತಿದ್ದುದು
ನೆಂಟರ ಹಾಗೆ: ಹೇಳದೆ, ಕೇಳದೆ,
ಬಂದರೂ ಬೂಟು ಬಿಚ್ಚದೆ.

ಏಳನೇ ಮಹಡಿಯ ಅಡುಗೆಮನೆಯಲ್ಲಿ
ಜುಂಬೆರ್ ಮಾವನ ಗಾಜಿನ ತೊಟ್ಟಿಗೆ
ಅಜ್ಜಿಯ ಎರಡು ಉಣ್ಣೆ ಶಾಲು, ಮಾವನ ಹಳೇ ಸೈನ್ಯದ ಕೋಟು;
ಎದುರಿಗೆ ಮಾತ್ರ ಅಂಗೈಯಗಲ ಕಿಂಡಿ.
ಅದಕ್ಕೆ ಕಣ್ಣು ಹಚ್ಚಿ, ಮೇಣದಬತ್ತಿ ಹಿಡಿದು
ಕೂತಿದ್ದೆವು ಇಬ್ಬರೂ,
ಮನೆಯೊಳಗೇ ಹೊಗೆಯಾಡುವ ಉಸಿರು ಬಿಡುತ್ತ.

ಕತ್ತಿಬಾಲದ ಕೆಂಪು ಮೀನು ಹೆರುತ್ತಿತ್ತು.

ಮೊಟ್ಟೆಯಿಲ್ಲ, ಗೂಡಿಲ್ಲ, ಕಾವಿಲ್ಲ.
ಬಾಲದ ಬುಡದಿಂದ ಮಡಚಿಟ್ಟ ಕಣ್ಣೊಂದು
ಉದುರಿ, ತಳ ಮುಟ್ಟುವ ಮೊದಲೇ
ಬಿಚ್ಚಿಕೊಂಡು ಮೀನಾಗಿ
ಎಲ್ಲ ಕಲಿತೇ ಬಂದವರಂತೆ
ಪಾಚಿಯ ಕಡೆ ಓಡಿತು.
ಓಡಲೇಬೇಕು. ಹೆತ್ತವಳು ತಿರುಗಿದಳೆಂದರೆ
ಬಾಯಿ ತೆರೆದೇ ತಿರುಗುತ್ತಾಳೆ.

'ಕೆಟ್ಟವಳಾ?' ಎಂದೆ. ನನಗಾಗ ಒಂಬತ್ತು.
'ಹಸಿದವಳು,' ಎಂದ ಮಾವ.
ಸೌಟಿನಲ್ಲಿ ಅವಳನ್ನೆತ್ತಿ, ಜೊಂಜೋಲಿ ಉಪ್ಪಿನಕಾಯಿಯ
ತೊಳೆದಿಟ್ಟ ಜಾಡಿಗೆ ಬಿಟ್ಟು
ಶಾಲಿನ ಇನ್ನೊಂದು ತುದಿ ಹೊದಿಸಿದ.

ಎಣಿಸಿದೆವು. ಮೂವತ್ತೊಂದು.
ಒಂದೊಂದೂ ರೆಪ್ಪೆಕೂದಲಿನಷ್ಟು,
ತುದಿಗೆ ಎರಡು ಕಪ್ಪು ಚುಕ್ಕೆ.

ಬದುಕಿಸುವುದೆಂದರೆ ದೊಡ್ಡದೇನಲ್ಲ.
ಸೀಮೆಎಣ್ಣೆ ಒಲೆಯಲ್ಲಿ ನೀರು ಕಾಯಿಸಿ
ಒಳ್ಳೆಯ ಕಾಲದ ಖಾಲಿ ವೈನ್ ಸೀಸೆಗೆ ತುಂಬಿ, ಬಿರಡೆ ಜಡಿದು
ತೊಟ್ಟಿಯಲ್ಲಿ ತೇಲಬಿಡುವುದು;
ಎರಡು ತಾಸಿಗೊಮ್ಮೆ ಎದ್ದು ಬದಲಿಸುವುದು.
ರಬ್ಬರು ನಳಿಕೆಯಿಂದ ತಳದ ಕಸ ಹೀರುವುದು,
ಹೀರಿದ ಬಕೆಟ್ಟನ್ನೂ ಸೋಸಿ ನೋಡುವುದು
(ಯಾರಾದರೂ ಕಸದ ಜೊತೆ ಹೋಗಿರಬಹುದು).
ತೆಗೆದಷ್ಟೇ ನೀರು, ಅದೇ ಬಿಸುಪಿನದು,
ಮೊಣಕೈ ಅದ್ದಿ ನೋಡಿ, ಲೋಟದಂಚಿನಿಂದ ಇಳಿಬಿಡುವುದು.
ಆಮೇಲೆ ಮೊಟ್ಟೆ.

ಮೊಟ್ಟೆಗೇ ಜಗಳ ಹತ್ತಿದ್ದು.
ನಸುಕಿನ ನಾಲ್ಕಕ್ಕೆ ಬ್ರೆಡ್ಡಿನ ಸಾಲಲ್ಲಿ ನಿಂತು ಬಂದಿದ್ದ
ತ್ಸಿಯಾಲಾ ಅಜ್ಜಿ
'ನಿನ್ನ ಕಣ್ಣಿಗೆ ಮಗು ಕಾಣಲಿಲ್ಲ, ಹುಳು ಕಂಡಿತು' ಎಂದು
ಬಾಗಿಲು ಬಡಿದಳು.
ಮಾವ ಉತ್ತರಿಸಲಿಲ್ಲ. ಬೆಂದ ಹಳದಿಯಿಂದ
ಸಾಸಿವೆಯಷ್ಟು, ಸಾಸಿವೆಯಷ್ಟೇ, ಚಿವುಟಿ
ಕರವಸ್ತ್ರದ ಮೂಲೆಗೆ ಗಂಟು ಕಟ್ಟಿ ನೀರಲ್ಲಿ ಹಿಂಡಿದ.
ಹಳದಿ ಮಂಜು ಇಳಿಯಿತು. ಮೂವತ್ತೊಂದು ಬಾಯಿ.
ಉಳಿದದ್ದು ನನಗೆ, ಉಪ್ಪಿಲ್ಲದೆ.
ಅಷ್ಟು ನಿಧಾನವಾಗಿ ಮತ್ತೇನನ್ನೂ ನಾನು ತಿಂದಿಲ್ಲ.

'ಇನ್ನಷ್ಟು ಹಾಕೋಣ' ಎಂದರೆ ಬೇಡವೆನ್ನುತ್ತಿದ್ದ,
ನೀರು ಕೊಳೆಯುತ್ತದೆ,
ಹಸಿವಿಗಿಂತ ಅಕ್ಕರೆಗೇ ಹೆಚ್ಚು ಮರಿ ಸಾಯುತ್ತವೆ.
'ಅಕ್ಕರೆಗೇನು ಬರ ಈ ಮನೆಯಲ್ಲಿ,'
ಪಕ್ಕದ ಕೋಣೆಯಿಂದ ಅಜ್ಜಿ,
'ಬರ ಸೀಮೆಎಣ್ಣೆಗೆ.'

ಆರನೇ ರಾತ್ರಿ ಅದೂ ಮುಗಿಯಿತು.
ಮಾವ ಮರಿಗಳನ್ನು ಜಾಮಿನ ಸೀಸೆಗೆ ಬಸಿದುಕೊಂಡು
ಅಂಗಿಯೊಳಗೆ ಹೊಟ್ಟೆಗೊತ್ತಿಟ್ಟು
ಗೋಡೆಗೊರಗಿ ಕೂತ. ಮಲಗಿದರೆ ಚೆಲ್ಲುತ್ತದೆ.
ಅಜ್ಜಿ ಬಂದು ನೋಡಿದಳು. ಮಾತಿಲ್ಲ.
ಅವನ ಕಾಲಿಗೆ ತನ್ನ ಕಾಲುಚೀಲ ತೊಡಿಸಿ ಹೋದಳು.
ನಡುರಾತ್ರಿ ದಾಟಿದ ಮೇಲೆ ಮತ್ತೆ ಬಂದು ಕೈ ಚಾಚಿದಳು:
'ಕೊಡಿಲ್ಲಿ. ನಿನ್ನದಕ್ಕಿಂತ ನನ್ನ ಹೊಟ್ಟೆ ಬೆಚ್ಚಗಿದೆ.
ನಿನಗೇ ಗೊತ್ತಲ್ಲ.'

ಬೆಳಗಿನ ಜಾವ ಕರೆಂಟು ಬಂತು.
ಇಡೀ ಕಟ್ಟಡ ಒಂದೇ ಬಾಯಲ್ಲಿ 'ಬಂತು!' ಎಂದು ಕೂಗಿತು.
ಮೇಲಿನ ಮನೆಯಲ್ಲಿ ಎಂದೋ ಹಚ್ಚಿಟ್ಟು ಮರೆತ ರೇಡಿಯೋ
ನಡುವಾಕ್ಯದಿಂದ ಮಾತಾಡತೊಡಗಿತು.
ಅಜ್ಜಿಯ ಮಡಿಲ ಸೀಸೆಯಲ್ಲಿ
ಮೇಣದಬತ್ತಿಯಾಚೆಗೆ ಬೆಳಕನ್ನೇ ಅರಿಯದವು
ಬೆದರಿ, ತಳಕ್ಕಿಳಿದು, ಒತ್ತೊತ್ತಾಗಿ ನಿಂತವು.

ಎಣಿಸಿದೆ. ಇಪ್ಪತ್ತೆಂಟು.
ಅಜ್ಜಿ ಕನ್ನಡಕ ಹುಡುಕಿ ತಾನೂ ಎಣಿಸಿದಳು.
'ಇಪ್ಪತ್ತೊಂಬತ್ತು,' ಎಂದಳು. 'ಒಂದು
ನನ್ನ ಹೆಬ್ಬೆರಳ ನೆರಳಲ್ಲಿದೆ.'