ಹನ್ನೊಂದು ಹತ್ತು

ರೂವಿಯ ಈ ಕ್ಲಿನಿಕ್ಕಿನ ಕಪಾಟಿನಲ್ಲಿ
ನೆನಪು ಅಳೆಯುವ ಹಾಳೆ ಅರಬ್ಬಿಯಲ್ಲಿದೆ, ಇಂಗ್ಲಿಷಿನಲ್ಲಿದೆ,
ಹಿಂದಿಯದಿದೆ, ಮಲಯಾಳದ್ದೂ ಇದೆ.
ಕನ್ನಡದ್ದಿಲ್ಲ. ಅದಕ್ಕೇ ಡಾಕ್ಟರ್ ಝುವೈನಾ
ರಕ್ತ ತೆಗೆಯುವ ನನ್ನನ್ನು ಕರೆದರು:
"ಅನುವಾದ ಮಾಡು. ಸುಳಿವು ಕೊಡಬೇಡ."

ಚೆಯ್ಯಬ್ಬ, ಉಚ್ಚಿಲದವರು. ನಲವತ್ತೊಂದು ವರ್ಷ
ಮತ್ರಹ್‌ನ ಓಣಿಯಲ್ಲಿ ದಿಶ್‌ದಾಶಾ ಹೊಲಿದವರು.
ಕರೆತಂದ ಅಂಗಡಿ ಯಜಮಾನ ಹಮೂದ್
ಚೀಲದಿಂದ ಒಂದನ್ನು ತೆಗೆದು ಮೇಜಿನ ಮೇಲೆ ಹಾಸಿದ:
ಕೊರಳಲ್ಲಿ ಅತ್ತರಿಗೆ ಕಾಯುವ ಕುಚ್ಚು,
ಹೊಲಿಗೆ ಎಲ್ಲೂ ಡೊಂಕಿಲ್ಲ,
ತೋಳು ಮೂರು.
ಯಾರೂ ನಗಲಿಲ್ಲ.

ಅರಬ್ಬಿ ಮೊದಲು ಹೋಯಿತಂತೆ, ಹೋದ ರಂಜಾನಿಗೆ.
ಆಮೇಲೆ ಹಿಂದಿ. ಮನೆಮಾತು ಬ್ಯಾರಿ ನನಗೆ ಬಾರದು;
ನಮ್ಮಿಬ್ಬರ ನಡುವೆ ಉಳಿದದ್ದು
ನಾಲ್ಕನೇ ಕ್ಲಾಸಿನವರೆಗಿನ ಕನ್ನಡ,
ಮೇಷ್ಟ್ರಿಗೆ ಹೆದರಿ ಎದ್ದುನಿಂತ ಹುಡುಗನ ಕನ್ನಡ.
ಕೈಕಟ್ಟಿಕೊಂಡೇ ಹೇಳಿದರು: ಗುಬ್ಬಿ, ಕಿಟಕಿ, ಬೆಣ್ಣೆ.
ಐದು ನಿಮಿಷ ಬಿಟ್ಟು ಕೇಳಿದೆ.
"ಇಲ್ಲೇ ಇಟ್ಟಿದ್ದೆ" ಅಂದು ಜೇಬು ತಡವಿದರು.

ಗಡಿಯಾರ ಬರೆಯಿರಿ, ಹನ್ನೊಂದು ಹತ್ತು.
"ಯಾವ ಊರಿನ ಗಂಟೆ?"
ಹಾಳೆಯಲ್ಲಿ ಅದಕ್ಕೆ ಉತ್ತರವಿಲ್ಲ. ಸುಮ್ಮನಿದ್ದೆ.
ವೃತ್ತ ಬಾಬಿನ್ನಿನಷ್ಟು ಗುಂಡಗೆ ಬಂತು,
ಮುಳ್ಳು ಮಾತ್ರ ಹನ್ನೆರಡು ನಲವತ್ತಕ್ಕೆ.
ಡಾಕ್ಟರ್ ಸೊನ್ನೆ ಹಾಕಿದರು.
ಹೇಳಿಯೇಬಿಟ್ಟೆ: ಇಲ್ಲಿ ಹನ್ನೊಂದು ಹತ್ತಾದರೆ
ಉಚ್ಚಿಲದಲ್ಲಿ ಹನ್ನೆರಡು ನಲವತ್ತು, ಮೇಡಂ.
ಪೆನ್ನು ತಡೆಯಿತು. ಸೊನ್ನೆ ಅಳಿಯಲಿಲ್ಲ;
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹುಟ್ಟಿತು.

ಮಿದುಳಿನ ಚಿತ್ರ ಹಿಡಿದು ಅವರು ವಿವರಿಸುತ್ತ ಹೋದರು,
ನಾನು ಕನ್ನಡ ಹುಡುಕುತ್ತ ಹಿಂದೆ ಹಿಂದೆ:
ಕೋಶಗಳ ಹೊರಗೆ ಗಟ್ಟಿಯಾಗಿ ಕೂತ ಕೊಳೆ,
ಒಳಗೆ ಗೋಜಲಾದ ನೂಲು.
ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಜಾಡು ಸಿಗುತ್ತದಂತೆ ಈಗ.
ಕೊಳೆ ತೊಳೆಯುವ ಮದ್ದೂ ಬಂದಿದೆ, ಆರಂಭದಲ್ಲಿರುವವರಿಗೆ;
ವೇಗ ತುಸು ತಗ್ಗೀತು, ಹೋದದ್ದು ಬಾರದು.
"ಬಿಚ್ಚಿ ಮತ್ತೆ ಹೊಲಿಯಲಿಕ್ಕೆ ಆಗುದಿಲ್ವಾ?"
ಇದನ್ನು ಆ ಕಡೆಗೆ ದಾಟಿಸಿದೆ.
"ಇನ್ನೂ ಇಲ್ಲ" ಅಂದರು ಡಾಕ್ಟರ್.
ಆ 'ಇನ್ನೂ'ವನ್ನು ನಾನು ಕೊಂಚ ಜೋರಾಗಿಯೇ ಹೇಳಿದೆ.

ಸಂಶೋಧನೆಗೆಂದು ಒಂದು ಕೊಳವೆ ರಕ್ತ ಹೆಚ್ಚು ಬೇಕು, ಸಹಿ ಬೇಕು.
ನಿಧಾನಕ್ಕೆ ಹಾಕಿದರು. ಚೆಯ್ಯಬ್ಬ.
ಎರಡು ಒತ್ತಕ್ಷರವೂ ಸರಿ.

ಹತ್ತಿ ಒತ್ತಿ ಹಿಡಿದು, ಕೊಳವೆಯ ಚೀಟಿಗೆ
ಗಂಟೆ ಬರೆಯುವ ಮುನ್ನ ನಾನೂ ಗೋಡೆ ನೋಡಿಕೊಂಡೆ.
ಅಷ್ಟರಲ್ಲಿ ನನ್ನ ಕೋಟಿನ ತೋಳಿನಂಚು
ಎರಡು ಬೆರಳಲ್ಲಿ ಹಿಡಿದು ಮಡಚಿ ನೋಡಿದರು:
"ಅರ್ಧ ಇಂಚು ಉದ್ದ ಉಂಟು.
ನಾಳೆ ತಾ."