ಚಾರ್ಜ್ ಕೊಡುವ ಮುನ್ನ

ಕೂತ್ಕೋ ರುಬೀನಾ. ಅಲ್ಲಲ್ಲ, ಈ ಕುರ್ಚಿಯಲ್ಲಿ.
ಎತ್ತರ ಹೆಚ್ಚು, ಕಾಲು ನೆಲಕ್ಕೆ ಎಟುಕುವುದಿಲ್ಲ.
ಯಾವನೋ ಆರಡಿಯವನ ಅಳತೆಗೆ ಮಾಡಿಸಿದ್ದು.
ಹನ್ನೊಂದು ವರ್ಷ ಹಳೆಯ ಲೆಡ್ಜರೊಂದನ್ನು ಕೆಳಗಿಟ್ಟು
ಅದರ ಮೇಲೆ ಕಾಲೂರಿದೆ,
ದಿನಾ ಸಂಜೆ ಅದನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡೆ.
ನಾಳೆಯೇ ಬಡಗಿಯನ್ನು ಕರೆಸು.
ನಾನು ಯಾಕೋ ಕರೆಸಲಿಲ್ಲ.

ಇದು ಸ್ಟ್ರಾಂಗ್ ರೂಮಿನ ಕೀಲಿಕೈ.
ಒಂದರಿಂದ ತೆರೆಯುವುದಿಲ್ಲ, ನಿನಗೆ ಗೊತ್ತು,
ಇನ್ನೊಂದು ಇನ್ನೊಬ್ಬರ ಹತ್ತಿರ.
ಆ ಇನ್ನೊಬ್ಬರು ಯಾವಾಗಲೂ
ಪ್ಯಾಂಟಿನ ಜೇಬಿಗೆ ಕೈಹಾಕಿ ತೆಗೆದರು.
ಸೀರೆಗೆ ಜೇಬಿಲ್ಲ.
ಸೊಂಟದ ಎಡಕ್ಕೆ ಸಿಕ್ಕಿಸಿ ಸಿಕ್ಕಿಸಿ
ಅಲ್ಲೊಂದು ಕಪ್ಪು ಗುರುತು ಉಳಿದಿದೆ.
ಚಾರ್ಜ್ ಪಟ್ಟಿಯಲ್ಲಿ ಅದಕ್ಕೆ ಕಲಂ ಇಲ್ಲ.

ಈ ಫೈಲು ನಗಲಿಕ್ಕೆ.
ಬೆಂಗಳೂರಿನಿಂದ ಬಂದ ಕಾಗದಗಳು:
‘ಶ್ರೀ ಹಂಪಯ್ಯ, ಜನರಲ್ ಮ್ಯಾನೇಜರ್, ಬಳ್ಳಾರಿ.’
ಹಂಪಮ್ಮ ಎಂದು ಎಷ್ಟು ಸಲ ಬರೆದರೂ
ತಿದ್ದುಪಡಿಯ ಉತ್ತರವೂ ಹಂಪಯ್ಯನಿಗೇ ಬಂತು.
ಆ ಪುಣ್ಯಾತ್ಮನ ಹೆಸರಲ್ಲಿ ನಾನು
ಎರಡು ಸಲ ಶಹಬ್ಬಾಸ್‌ಗಿರಿ ಪಡೆದೆ,
ಒಂದು ಸಲ ಬೈಸಿಕೊಂಡೆ.

ಇದು ನಿಮ್ಮ ಅಮ್ಮನದು, ನೋಡು.
ಮೆಹಬೂಬಿ, ಕೌಲ್ ಬಜಾರ್, ಓವರ್‌ಲಾಕ್ ಮೆಷಿನ್ನಿಗೆ ಸಾಲ.
ಜೀನ್ಸ್ ಹೊಲಿದು ಬೆರಳೆಲ್ಲ ನೀಲಿ,
ಸ್ಟ್ಯಾಂಪ್ ಪ್ಯಾಡ್ ನೀಡಿದರೆ
‘ಅದ್ಯಾಕ್ರೀ, ಇದು ಸಾಲದೇನು?’ ಅಂದು ಹೆಬ್ಬೆರಳು ತೋರಿಸಿದರು.
ಮೂರು ಸಲ ಮಂಡಳಿಗೆ ಕಳಿಸಿದೆ.
ಮೂರು ಸಲವೂ ವಾಪಸ್ಸು: ‘ಗಂಡನ ಸಹಿ ಎಲ್ಲಿ?’
ನಾಲ್ಕನೆಯ ಸಲ ‘ಎಂ. ಬಿ., ಉಡುಪು ತಯಾರಕರು’
ಎಂದಷ್ಟೇ ಟೈಪು ಮಾಡಿಸಿದೆ.
ಆ ಎಂ. ಬಿ. ಸಾಹೇಬರಿಗೆ
ಚಹಾ ತಣ್ಣಗಾಗುವ ಮೊದಲೇ ಮಂಜೂರಾಯಿತು.
ಸೋಮವಾರಕ್ಕೊಮ್ಮೆ ಕಂತು ಬರುತ್ತಿತ್ತು,
ನೋಟಿನ ಅಂಚಿಗೂ ಅದೇ ಬಣ್ಣ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು.
ಆದರೆ ಈ ಡ್ರಾಯರಿನಲ್ಲಿ ಇನ್ನೊಂದು ಕಾಗದ ಇದೆ.

ತಾಯಮ್ಮ, ಮೂರನೆಯ ಕೌಂಟರು.
ಏಳು ತಿಂಗಳ ಬಸುರಿ.
ಕಂಪ್ಲಿ ಶಾಖೆಗೆ ಹೋಗಿಬರುವ ಬಸ್ಸಿನ ಕುಲುಕಿಗೆ
ಹೊಟ್ಟೆ ಹಿಡಿದುಕೊಂಡು ಬಂದು ಕೇಳಿದಳು,
‘ಮೇಡಂ, ನಾಕು ತಿಂಗಳಿಗಾದರೂ ಊರಿಗೆ ಹಾಕ್ರಿ.’
ನಾನು ನಿಯಮ ಓದಿ ಹೇಳಿದೆ.
ನನಗೆ ಯಾರೂ ರಿಯಾಯಿತಿ ಕೊಡಲಿಲ್ಲ, ಅಂದೆ.
ಅದು ನನ್ನ ಬಡ್ಡಿ.
ಅವಳ ಖಾತೆಗೆ ಖರ್ಚು ಹಾಕಿದೆ.
ರಾಜೀನಾಮೆಯ ಅಕ್ಷರ ನೋಡು, ಎಷ್ಟು ನೆಟ್ಟಗಿದೆ.

ಆಮೇಲಿನದು ನಿನಗೆ ಗೊತ್ತು:
ಭಾನುವಾರ ನಮ್ಮ ಪಡಸಾಲೆ,
ಬಡ್ತಿ ಪರೀಕ್ಷೆಗೆ ಓದಲು ಬಂದ ಹುಡುಗಿಯರು,
ಒಗ್ಗರಣೆ, ಮಿರ್ಚಿ,
ಎಣ್ಣೆಯ ಕಲೆ ಬಿದ್ದ ಬ್ಯಾಲೆನ್ಸ್ ಶೀಟು.
ಹದಿನೇಳು ಮಂದಿ ಪಾಸಾದಿರಿ.
ನೀವು ಅದನ್ನು ನನ್ನ ದೊಡ್ಡಗುಣ ಅಂದಿರಿ,
ನಾನು ತಿದ್ದಲಿಲ್ಲ.
ಹದಿನೇಳು ಜಮೆ ಬರೆದು ರಾತ್ರಿ ಕೂಡಿ ನೋಡಿದರೆ
ಆ ಒಂದು ಖರ್ಚು ಹೊಂದುವುದಿಲ್ಲ, ತಾಯಿ.
ಗಂಗಾವತಿಯ ಯಾವುದೋ ರೈಸ್ ಮಿಲ್ಲಿನಲ್ಲಿ
ಲೆಕ್ಕ ಬರೆಯುತ್ತಾಳಂತೆ ಈಗ.
ಬಹಳ ಚೊಕ್ಕ ಲೆಕ್ಕವಂತೆ.

ಸಸ್ಪೆನ್ಸ್ ಖಾತೆಯಲ್ಲಿ ಇಟ್ಟಿದ್ದೇನೆ ಅವಳನ್ನು.
ನೀನು ರೈಟ್ ಆಫ್ ಮಾಡಬೇಡ,
ವರ್ಷ ವರ್ಷ ಮುಂದಕ್ಕೆ ತಗೊಂಡು ಹೋಗು.
ಯಾವಳಾದರೂ ಬಾಗಿಲಲ್ಲಿ ನಿಂತು
ನಿಯಮ ಮೀರಿದ್ದನ್ನು ಕೇಳಿದಾಗ
ಆ ಪುಟ ಒಮ್ಮೆ ತೆಗೆ.

ಎರಡನೆಯ ಕೀಲಿಕೈ ಯಾರಿಗೆ ಅನ್ನುವ ಜಾಗ
ಖಾಲಿ ಬಿಟ್ಟಿದ್ದೇನೆ. ಹೆಸರು ನೀನೇ ಬರೆ,
ಪೂರ್ತಿ ಹೆಸರು ಬರೆ.
ಪೆನ್ನು ಮೂಡದಿದ್ದರೆ ಒಂದು ಸಲ ಝಾಡಿಸು.
ಬೇಗ. ಕ್ಯಾಷಿಯರ್ ಹೊರಗೆ ಕಾದಿದ್ದಾನೆ.